ಫೇರಿಗಳ ಎದುರು ಮನುಷ್ಯರು

ನ್ಯೂಯಾರ್ಕಿನ ಮ್ಯಾನ್‌ಹಾಟನ್ ಸೇತುವೆಯ ಅಡಿಯಲ್ಲಿ ಟ್ರೋಲ್ ಒಬ್ಬ ಗುಟ್ಟಾಗಿ ಮದ್ದು ತಯಾರಿಸುತ್ತಿರುತ್ತಾನೆ. ತಮ್ಮ ಲೋಕದಿಂದ ಗಡೀಪಾರಾಗಿ ನಗರ ಸೇರಿದ ಫೇರಿಗಳಿಗೆ ಇಲ್ಲಿನ ಕಬ್ಬಿಣವೇ ವಿಷ. ಅದನ್ನು ತಾಳಿಕೊಂಡು ದಿನ ದೂಡಲು ಅವರಿಗೆ ಆ ಮದ್ದು ಬೇಕು. ಅದನ್ನು ಅವರವರ ಬಾಗಿಲಿಗೆ ಮುಟ್ಟಿಸುವವರು ಸಬ್‌ವೇ ಸುರಂಗದಲ್ಲಿ ಮಲಗುವ, ಮನೆ ಬಿಟ್ಟು ಬಂದ ಹುಡುಗ ಹುಡುಗಿಯರು. ದಾರಿಯಲ್ಲಿ ಅವರು ಒಂದಿಷ್ಟು ಕದ್ದು ಸೂಜಿಯಿಂದ ತಮ್ಮ ನರಕ್ಕೇ ಚುಚ್ಚಿಕೊಳ್ಳುತ್ತಾರೆ. ಫೇರಿಗೆ ಔಷಧಿಯಾದದ್ದು ಮನುಷ್ಯರಿಗೆ ಅಮಲಾಗುತ್ತದೆ. ಕಂಡವರ ಕಣ್ಣು ಕಟ್ಟುವ ಶಕ್ತಿಯನ್ನೂ ಸ್ವಲ್ಪ ಹೊತ್ತು ಕೊಡುತ್ತದೆ. ಹಾಲಿ ಬ್ಲ್ಯಾಕ್ ಅವರ ‘ವೇಲಿಯಂಟ್’ (2005) ಕಾದಂಬರಿಯ ಈ ಪುಟಗಳು ಹದಿಹರೆಯದವರಿಗಾಗಿ ಬಂದ ನಗರ ಫ್ಯಾಂಟಸಿಯಲ್ಲೇ ಶ್ರೇಷ್ಠ ಎಂದು ನಾನು ನಂಬುತ್ತೇನೆ. ಎರಡೂ ಕಡೆಯವರು ನೆಲೆ ಕಳೆದುಕೊಂಡವರು. ಒಬ್ಬರಿಲ್ಲದೆ ಇನ್ನೊಬ್ಬರಿಗೆ ನಡೆಯದು, ಆದರೂ ಒಬ್ಬರ ಬದುಕು ಇನ್ನೊಬ್ಬರಿಗೆ ನಂಜು.

ಫೇರಿಗಳಿಗೆ ಕಬ್ಬಿಣ ಆಗದು ಎಂಬುದು ಸ್ಕಾಟ್ಲೆಂಡ್, ಐರ್ಲೆಂಡಿನ ಹಳ್ಳಿಗಳ ಹಳೆಯ ನಂಬಿಕೆ. ನಮ್ಮಲ್ಲಿ ಬಾಣಂತಿಯ ಹಾಸಿಗೆಯ ಬಳಿ ಕಬ್ಬಿಣದ ಚೂರು ಇಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈ ಪಂಥದ ಲೇಖಕರು ಮಾಡಿದ ಜಾಣತನವೆಂದರೆ ಆ ನಂಬಿಕೆಯನ್ನು ಉಕ್ಕಿನ ನಗರಕ್ಕೆ ತಂದು ನಿಲ್ಲಿಸಿದ್ದು. ಎಮ್ಮಾ ಬುಲ್ 1987ರಲ್ಲಿ ‘ವಾರ್ ಫಾರ್ ದಿ ಓಕ್ಸ್’ ಬರೆದು ಮಿನ್ನಿಯಾಪೊಲಿಸ್ ನಗರವನ್ನೇ ರಣರಂಗ ಮಾಡಿದರು. ಅದು ಹದಿಹರೆಯದವರಿಗೆಂದೇ ಬಂದ ಪುಸ್ತಕವಲ್ಲ, ಆದರೆ ಮುಂದಿನವರೆಲ್ಲ ಹಾದುಹೋದದ್ದು ಅದೇ ದಾರಿಯಲ್ಲಿ. ಅಲ್ಲಿ ಫೇರಿಗಳ ಎರಡು ಆಸ್ಥಾನಗಳ ನಡುವೆ ಯುದ್ಧ. ಸಾವಿಲ್ಲದ ಆ ಜನ ಯುದ್ಧದಲ್ಲಿ ಸಾಯಬೇಕಾದರೆ ಸಾವಿರುವ ಒಬ್ಬ ಮನುಷ್ಯಜೀವಿ ಕಣದಲ್ಲಿರಬೇಕು. ಅದಕ್ಕಾಗಿ ಅವರು ಎಡ್ಡಿ ಎಂಬ ರಾಕ್ ಗಾಯಕಿಯನ್ನು ಕೇಳದೆ, ಹೇಳದೆ ಎಳೆದು ತರುತ್ತಾರೆ. ಅವಳಲ್ಲಿ ಅವರಿಗೆ ಬೇಕಾದದ್ದು ಅವಳ ಸಾಯುವ ಗುಣ ಮಾತ್ರ. ಇಷ್ಟು ಗಟ್ಟಿಯಾದ ತಳಪಾಯ ಆಮೇಲಿನ ಎಷ್ಟೋ ಸರಣಿಗಳಿಗೆ ದಕ್ಕಲಿಲ್ಲ.

ಏಕೆ ದಕ್ಕಲಿಲ್ಲ ಎಂಬುದೇ ನನ್ನ ತಕರಾರು. ಫೇರಿ ಮತ್ತು ಮನುಷ್ಯರ ಸಂಘರ್ಷ ಎಂದು ಶುರುವಾಗುವ ಈ ಕಥೆಗಳು ನಡುದಾರಿಯಲ್ಲಿ ಮನುಷ್ಯರನ್ನೇ ಕೈಬಿಡುತ್ತವೆ. ಮೆಲಿಸ್ಸಾ ಮಾರ್ ಅವರ ‘ವಿಕೆಡ್ ಲವ್ಲಿ’ (2007) ಎಷ್ಟು ಚೆನ್ನಾಗಿ ತೊಡಗುತ್ತದೆ! ಫೇರಿಗಳು ಕಣ್ಣಿಗೆ ಕಂಡರೂ ಕಾಣದಂತೆ ನಡೆಯಬೇಕು, ದಿಟ್ಟಿಸಬಾರದು, ಮಾತಾಡಿಸಬಾರದು ಎಂದು ಅಜ್ಜಿಯಿಂದ ಕಲಿತ ಐಶ್ಲಿನ್ ಬೀದಿಯಲ್ಲಿ ಉಸಿರು ಬಿಗಿಹಿಡಿದು ಓಡಾಡುತ್ತಾಳೆ. ಅವಳ ಗೆಳೆಯ ಸೆತ್ ವಾಸಿಸುವುದು ಹಳೆಯ ರೈಲುಬೋಗಿಗಳಲ್ಲಿ. ಸುತ್ತ ಉಕ್ಕಿನ ಗೋಡೆ ಇರುವುದರಿಂದ ಅಲ್ಲಿ ಮಾತ್ರ ಅವಳಿಗೆ ನೆಮ್ಮದಿ. ಬೀದಿಯಲ್ಲಿ ಸದಾ ಯಾರೋ ಹಿಂಬಾಲಿಸುತ್ತಿರುವ ಭಯ ಯಾವ ಊರಿನ ಹುಡುಗಿಗೂ ಗೊತ್ತು. ಮಾರ್ ಅದನ್ನು ಹೇಳದೆಯೇ ಹೇಳಿದ್ದಾರೆ. ಆದರೆ ಐಶ್ಲಿನ್ ಕೊನೆಗೆ ಬೇಸಿಗೆಯ ರಾಣಿಯಾಗುತ್ತಾಳೆ. ಜೂಲಿ ಕಗಾವಾ ಅವರ ‘ದಿ ಐರನ್ ಕಿಂಗ್’ (2010) ಕಾದಂಬರಿಯ ಮೇಗನ್ ಹುಟ್ಟಿನಿಂದಲೇ ರಾಜ ಓಬೆರಾನನ ಮಗಳು. ಸಂಕಟದಲ್ಲಿದ್ದ ಹುಡುಗಿ ಸಿಂಹಾಸನ ಏರಿದಮೇಲೆ ಅವಳು ಯಾರ ವಿರುದ್ಧ ಹೋರಾಡುತ್ತಿದ್ದಳೋ ಅವರಲ್ಲಿ ಒಬ್ಬಳಾದಳು. ಉಳಿಯುವುದು ಯಾವ ರಾಜಕುಮಾರ ಯಾರ ಕೈ ಹಿಡಿಯುತ್ತಾನೆಂಬ ಕುತೂಹಲ. ಬೀದಿಯಲ್ಲಿ ಇನ್ನೂ ಹೆದರಿಕೊಂಡು ನಡೆಯುವ ಉಳಿದ ಹುಡುಗಿಯರ ಸುದ್ದಿ ಆಮೇಲೆ ಇಲ್ಲ.

ಬ್ಲ್ಯಾಕ್ ಕೂಡ ತಮ್ಮ ಮೊದಲ ಕಾದಂಬರಿ ‘ಟೈದ್’ನಲ್ಲಿ (2002) ಈ ದಾರಿ ಹಿಡಿದವರೇ. ನ್ಯೂಜೆರ್ಸಿಯ ಕಡಲತಡಿಯ ಊರಿನ ಕೇ ತಾನು ಮನುಷ್ಯಳೇ ಅಲ್ಲ, ತೊಟ್ಟಿಲಲ್ಲಿ ಅದಲುಬದಲು ಮಾಡಿಟ್ಟ ಫೇರಿ ಎಂದು ತಿಳಿಯುತ್ತಾಳೆ. ವ್ಯತ್ಯಾಸವೆಂದರೆ ಬ್ಲ್ಯಾಕ್ ಆ ಸಾಲವನ್ನು ಮರೆಯಲಿಲ್ಲ. ‘ಐರನ್‌ಸೈಡ್’ನಲ್ಲಿ (2007) ಕೇ ಫೇರಿಲೋಕಕ್ಕೆ ಹೋಗಿ, ತನ್ನ ಹೆಸರಿನ ನಿಜವಾದ ಮಗುವನ್ನು ಹುಡುಕಿ ತಂದು ತಾಯಿಯ ಮುಂದೆ ನಿಲ್ಲಿಸುತ್ತಾಳೆ. ಇಷ್ಟು ವರ್ಷ ಸಾಕಿದವಳು ಒಂದು ಕಡೆ, ಹೆತ್ತದ್ದು ಇನ್ನೊಂದು ಕಡೆ. ಮಾಂತ್ರಿಕ ವಂಶ ಪತ್ತೆಯಾದ ಸಂಭ್ರಮ ಅಲ್ಲಿಲ್ಲ, ಕದ್ದ ಮಾಲು ಹಿಂದಿರುಗಿಸಿದ ಅಳುಕಿದೆ.

ಆ ಅಳುಕು ಇರಲೇಬೇಕು. ಅದಲುಬದಲಿನ ನಂಬಿಕೆಗೆ ನಿಜವಾದ ಜೀವಗಳು ಬಲಿಯಾಗಿವೆ. 1895ರ ಮಾರ್ಚ್‌ನಲ್ಲಿ ಐರ್ಲೆಂಡಿನ ಟಿಪರೇರಿ ಪ್ರದೇಶದ ಬ್ಯಾಲಿವಾಡ್ಲಿಯಲ್ಲಿ ಬ್ರಿಜೆಟ್ ಕ್ಲಿಯರಿ ಕಾಯಿಲೆ ಬಿದ್ದಾಗ, ಇವಳು ನನ್ನ ಹೆಂಡತಿಯಲ್ಲ, ಫೇರಿಗಳು ಬದಲಿಗೆ ಬಿಟ್ಟುಹೋದವಳು ಎಂದು ಗಂಡ ಮೈಕೆಲ್ ಹಟ ಹಿಡಿದ. ನೆಂಟರು ಅವಳನ್ನು ಅದುಮಿ ಹಿಡಿದು ಬೇರಿನ ಕಷಾಯ ಕುಡಿಸಿದರು. ಮಾರನೆಯ ರಾತ್ರಿ ಅವನು ಅವಳ ಮೈಗೆ ಬೆಂಕಿಯಿಟ್ಟ. ನಿಜವಾದ ಬ್ರಿಜೆಟ್ ಬಿಳಿ ಕುದುರೆಯೇರಿ ಹಳೆಯ ಕೋಟೆದಿಬ್ಬದಿಂದ ಬರುತ್ತಾಳೆಂದು ಆಮೇಲೆ ಕಾದು ಕುಳಿತ. ನ್ಯಾಯಾಲಯ ಅವನಿಗೆ 20 ವರ್ಷ ಶಿಕ್ಷೆ ವಿಧಿಸಿತು. ‘ನೀನು ಮನುಷ್ಯಳಲ್ಲ’ ಎಂಬ ಮಾತು ಒಂದು ಕಾಲಕ್ಕೆ ಹೆಂಗಸಿನ ಕೊರಳಿಗೆ ಉರುಳಾಗಿತ್ತು. ಅದನ್ನೇ ಕಿರೀಟವಾಗಿ ತೊಡಿಸುವ ಕಾದಂಬರಿಕಾರರು ಈ ಚರಿತ್ರೆಯನ್ನು ಒಮ್ಮೆಯಾದರೂ ಎದುರಿಸಬೇಕಿತ್ತು.

‘ದಿ ಕ್ರೂಯಲ್ ಪ್ರಿನ್ಸ್’ (2018) ಬರೆಯುವ ಹೊತ್ತಿಗೆ ಬ್ಲ್ಯಾಕ್ ಪೂರ್ತಿ ಬೇರೆ ದಾರಿಗೆ ಹೊರಳಿದ್ದರು. ಅಲ್ಲಿ ನಗರ ಹಿಂದೆ ಸರಿದಿದೆ. ಆದರೆ ತಂದೆತಾಯಿಯನ್ನು ಕೊಂದವನ ಮನೆಯಲ್ಲೇ ಬೆಳೆದ ಜೂಡ್ ಕೊನೆಯವರೆಗೂ ಮನುಷ್ಯಳೇ. ವಿಷಕ್ಕೆ ಮೈ ಒಗ್ಗಲೆಂದು ದಿನವೂ ಅದನ್ನು ತುಸುತುಸು ತಿನ್ನುತ್ತಾಳೆ. ಫೇರಿಗಳಿಗೆ ಸುಳ್ಳು ಹೇಳಲು ಬಾರದು, ಅವಳಿಗೆ ಬರುತ್ತದೆ. ಇವಿಷ್ಟೇ ಅವಳ ಆಯುಧ. ಅಧಿಕಾರದ ಆಸೆ ಅವಳನ್ನು ಸಾಕುತಂದೆಯ ಹಾಗೆಯೇ ಕ್ರೂರಿಯನ್ನಾಗಿ ಮಾಡುತ್ತದೆ. ಲೇಖಕಿ ಅದಕ್ಕೆ ಸಬೂಬು ಕೊಡುವುದಿಲ್ಲ. ಸಿಂಹಾಸನದ ಆಮಿಷದಿಂದ ಈ ಸರಣಿಯೂ ತಪ್ಪಿಸಿಕೊಂಡಿಲ್ಲ, ಪ್ರೇಮದ ಪಾಲು ಹೆಚ್ಚೇ ಆಯಿತು. ಆದರೂ ಜೂಡ್‌ಳ ಭಯ ಕೊನೆಯ ಪುಟದವರೆಗೆ ನಂಬುವ ಹಾಗಿದೆ.

ಇನ್ನೊಂದು ಪ್ರಶ್ನೆಯನ್ನು ಅಮೆರಿಕದ ಬಹುಪಾಲು ಲೇಖಕರು ಮುಟ್ಟಿಯೇ ಇಲ್ಲ: ಸ್ಕಾಟ್ಲೆಂಡಿನ ಆಸ್ಥಾನಗಳು ನ್ಯೂಜೆರ್ಸಿಗೂ ಮಿನ್ನಿಯಾಪೊಲಿಸ್‌ಗೂ ಬಂದು ನೆಲೆಸಿದ್ದು ಯಾರ ನೆಲದಲ್ಲಿ? ಕೆನಡಾದ ಚಾರ್ಲ್ಸ್ ಡಿ ಲಿಂಟ್ ‘ಫಾರೆಸ್ಟ್ಸ್ ಆಫ್ ದಿ ಹಾರ್ಟ್’ನಲ್ಲಿ (2000) ಅದನ್ನು ನೇರವಾಗಿ ಎತ್ತಿಕೊಂಡರು. ಅಲ್ಲಿ ಐರ್ಲೆಂಡಿನಿಂದ ವಲಸೆಗಾರರ ಬೆನ್ನುಹತ್ತಿ ಬಂದ ಆತ್ಮಗಳು ಆ ನೆಲದ ಮೂಲ ಆತ್ಮಗಳ ಜಾಗ ಕಬಳಿಸಲು ನೋಡುತ್ತವೆ. ಅದು ದೊಡ್ಡವರ ಕಾದಂಬರಿ. ಹದಿಹರೆಯದ ಓದುಗರಿಗೆ ಈ ಮಾತನ್ನು ತಲುಪಿಸಿದವರು ಐರ್ಲೆಂಡಿನವರೇ ಆದ ಪೆಡರ್ ಓ ಗ್ವಿಲಿನ್.

ಅವರ ‘ದಿ ಕಾಲ್’ (2016) ನಗರದ ಕಥೆಯಲ್ಲದಿದ್ದರೂ ಇಡೀ ಪಂಥಕ್ಕೆ ಕೊಟ್ಟ ಉತ್ತರದಂತಿದೆ. ಐರಿಶ್ ಪುರಾಣದಲ್ಲಿ ಮನುಷ್ಯರು ಬಂದು ದ್ವೀಪವನ್ನು ಗೆದ್ದಾಗ ಮೊದಲಿದ್ದ ದೈವಜನ ನೆಲದಡಿಗೆ ಸರಿಯಬೇಕಾಯಿತು. ಆ ದೈವಜನರನ್ನು ಓ ಗ್ವಿಲಿನ್ ಬಣ್ಣಗೆಟ್ಟ, ಬೂದು ನೆಲಕ್ಕೆ ತಳ್ಳುತ್ತಾರೆ. ಈಗ ಅವರು ಸೇಡಿಗೆ ನಿಂತಿದ್ದಾರೆ. ಹೊರಜಗತ್ತಿನ ಸಂಪರ್ಕ ಕಡಿದ ಐರ್ಲೆಂಡಿನಲ್ಲಿ ಪ್ರತಿ ಹದಿಹರೆಯದವರನ್ನೂ ಅವರು ಎಳೆದೊಯ್ಯುತ್ತಾರೆ. ಇಲ್ಲಿ 3 ನಿಮಿಷ 4 ಸೆಕೆಂಡು ಕಳೆದರೆ ಅಲ್ಲಿ ಒಂದಿಡೀ ದಿನದ ಬೇಟೆ. ಸಿಕ್ಕವರ ಮಾಂಸ, ಮೂಳೆಯನ್ನು ಜೇಡಿಮಣ್ಣಿನಂತೆ ನಾದಿ ಬೇರೆ ಆಕಾರ ಕೊಡುತ್ತಾರೆ, ಅದೂ ನಗುನಗುತ್ತ. ಪೋಲಿಯೊದಿಂದ ಕಾಲು ಸೊರಗಿದ ನೆಸ್ಸಾ ಬದುಕಿ ಬರುವುದಿಲ್ಲವೆಂದೇ ಎಲ್ಲರ ಎಣಿಕೆ. ಅವಳಿಗೆ ಗುಪ್ತ ವಂಶವಿಲ್ಲ, ಕಾಯುವ ರಾಜಕುಮಾರನಿಲ್ಲ. ಆದರೆ ಓದುತ್ತ ಹೋದಂತೆ ಬೇಟೆಗಾರರ ಸಿಟ್ಟಿನಲ್ಲಿ ನ್ಯಾಯವಿದೆ ಎಂಬುದನ್ನು ತಳ್ಳಿಹಾಕಲಾಗುವುದಿಲ್ಲ. ಅವರ ನೆಲವನ್ನು ಕಸಿದವರು ನೆಸ್ಸಾಳ ಪೂರ್ವಜರೇ, ಮತ್ತು ಅವಳು ಈಗಲೂ ಅದೇ ನೆಲದ ಮೇಲೆ ಓಡುವುದನ್ನು ಅಭ್ಯಾಸ ಮಾಡುತ್ತಿದ್ದಾಳೆ.