ಹೋದನು, ಹೋದರು: ಹೊಸದುರ್ಗ ಪರಿಸರದ ಎರಡು ಆತ್ಮಕಥನಗಳಲ್ಲಿ ನಿರ್ಧಾರದ ಪ್ರಶ್ನೆ

ಮುಂದೆ ಎಲ್ಲಿಗೆಂದು ತಿಳಿಯದೆ ಮನೆಬಿಟ್ಟವನೂ ಪ್ರತಿ ಕವಲಿನಲ್ಲಿ ಒಂದು ದಾರಿಯನ್ನು ಆರಿಸಿಕೊಳ್ಳಲೇಬೇಕು. ಆ ಆಯ್ಕೆಯ ಕರ್ತೃ ಯಾರು ಎಂಬ ಪ್ರಶ್ನೆಗೆ ಹೊಸದುರ್ಗ ಪರಿಸರದಲ್ಲಿ ಹುಟ್ಟಿದ ಇಬ್ಬರ ಆತ್ಮಕಥನಗಳು ಭಿನ್ನ ಉತ್ತರಗಳನ್ನು ನೀಡುತ್ತವೆ. ಒಂದು, ಸ್ವಾಮಿ ರಾಮದಾಸರು ಇಂಗ್ಲಿಷಿನಲ್ಲಿ ಬರೆದ ‘ಇನ್ ಕ್ವೆಸ್ಟ್ ಆಫ್ ಗಾಡ್’; ಇನ್ನೊಂದು, ಬೆಳ್ಳಿಕೋತ್‌ನ ಕವಿ ಪಿ. ಕುಞಿರಾಮನ್ ನಾಯರ್ ಅವರ ಮಲಯಾಳ ಕೃತಿ ‘ಕವಿಯುಡೆ ಕಾಲ್ಪಾಡುಗಳ್’.

1884ರಲ್ಲಿ ಹೊಸದುರ್ಗದಲ್ಲಿ ಜನಿಸಿದ ವಿಠಲ ರಾವ್ 1922ರ ಡಿಸೆಂಬರಿನಲ್ಲಿ ಮಂಗಳೂರನ್ನು ತೊರೆದು ರೈಲು ಹತ್ತಿದರು. ಆ ಅಲೆದಾಟವನ್ನು ಹೇಳುವ ಕೃತಿಯಲ್ಲಿ ನಿರೂಪಕ ತನ್ನನ್ನು ‘ನಾನು’ ಎನ್ನುವುದಿಲ್ಲ, ‘ರಾಮದಾಸ’ ಎನ್ನುತ್ತಾನೆ. ದಾರಿ ತೋರುವ ಜತೆಗಾರ ಸಾಧುವೂ ರಾಮ, ಟಿಕೆಟಿಲ್ಲವೆಂದು ರೈಲಿನಿಂದ ಇಳಿಸುವ ಪರೀಕ್ಷಕನೂ ರಾಮ. ಹೀಗಾಗಿ ತಪ್ಪಿದ ದಾರಿಯೆಂಬುದೇ ಈ ಕಥನದಲ್ಲಿ ಉಳಿಯುವುದಿಲ್ಲ. ಇದನ್ನು ನಿಶ್ಚಿತತೆಯೆಂದು ಓದುವುದು ಸುಲಭ. ಆದರೆ ಮುಂದಿನ ಊರು ಯಾವುದೆಂಬುದು ರಾಮದಾಸನಿಗೆ ಕೊನೆಯವರೆಗೂ ತಿಳಿದಿರುವುದಿಲ್ಲ. ಅವನು ನೀಗಿಕೊಂಡದ್ದು ಅನಿಶ್ಚಯದ ಕಳವಳವನ್ನು. ಅನಿಶ್ಚಯ ಹಾಗೆಯೇ ಉಳಿದಿದೆ.

ಈ ಸಮರ್ಪಣೆಗೂ ಒಂದು ಮಿತಿಯಿದೆ. ಹೊರಡುವ ಮುನ್ನ ಬರೆದ ಪತ್ರದಲ್ಲಿ, ಇನ್ನು ಮುಂದೆ ತಾನು ಆಕೆಯನ್ನು ಸೋದರಿಯೆಂದು ಕಾಣುವುದಾಗಿ ಅವನು ಹೆಂಡತಿಗೆ ತಿಳಿಸುತ್ತಾನೆ. ಹೊರಟವನ ಅನಿಶ್ಚಯಕ್ಕೆ ರಾಮನ ಆಸರೆಯಿದೆ. ಮನೆಯಲ್ಲಿ ಉಳಿದ ಹೆಂಡತಿ ಮತ್ತು ಮಗಳ ಅನಿಶ್ಚಯಕ್ಕೆ ಕಥನ ಅಷ್ಟೇ ಅವಕಾಶವನ್ನು ಕೊಡುವುದಿಲ್ಲ.

ಕುಞಿರಾಮನ್ ನಾಯರ್ ಅವರ ಕೃತಿ ನಿಲ್ಲುವುದು ಇಲ್ಲಿಯೇ. ಅಲ್ಲಿಯೂ ಭಕ್ತಿಯಿದೆ, ಆದರೆ ಆ ಭಕ್ತಿ ಕವಿಯ ಹೊಣೆಯನ್ನು ಹೊತ್ತುಕೊಳ್ಳುವುದಿಲ್ಲ. ತೊರೆದುಬಂದವರ ನೆನಪು ಪಶ್ಚಾತ್ತಾಪವಾಗಿ ಮತ್ತೆ ಮತ್ತೆ ಮರಳುತ್ತದೆ. ಶೀರ್ಷಿಕೆಯ ‘ಕಾಲ್ಪಾಡು’ ಎಂದರೆ ಹೆಜ್ಜೆಗುರುತು. ಅದು ಕಾಣುವುದು ನಡೆದ ಮೇಲೆ, ಹಿಂತಿರುಗಿ ನೋಡಿದಾಗ ಮಾತ್ರ. ನಡೆಯುವಾಗ ಅದರಿಂದ ದಾರಿ ತಿಳಿಯದು.

ರಾಮದಾಸರನ್ನು ಕನ್ನಡಕ್ಕೆ ತರುವ ಅನುವಾದಕನಿಗೂ ಇಂಥದೇ ನಿರ್ಧಾರ ಎದುರಾಗುತ್ತದೆ. ಇಂಗ್ಲಿಷ್ ಕ್ರಿಯಾಪದದಲ್ಲಿ ಗೌರವಸೂಚಕವಿಲ್ಲ. ಕನ್ನಡದಲ್ಲಿ ‘ಹೋದನು’, ‘ಹೋದರು’ ಇವುಗಳಲ್ಲಿ ಒಂದನ್ನು ಆರಿಸಲೇಬೇಕು. ಗೌರವದ ಬಹುವಚನ ಬಂದೊಡನೆ, 1931ರಲ್ಲಿ ಕಾಞಂಗಾಡಿನಲ್ಲಿ ಆನಂದಾಶ್ರಮವನ್ನು ಸ್ಥಾಪಿಸಿದ ಸ್ವಾಮೀಜಿ ಮೊದಲ ಪುಟದಲ್ಲಿಯೇ ಬಂದು ಕೂರುತ್ತಾರೆ. ದಾರಿಯರಿಯದ ಅಲೆಮಾರಿ ಮರೆಯಾಗುತ್ತಾನೆ. ಇಲ್ಲಿ ಏಕವಚನವನ್ನು ಬಳಸುವುದು ಅಗೌರವವೆನಿಸದು. ಇನ್ನೂ ಎಲ್ಲಿಗೂ ತಲುಪದವನ ಕಥೆಗೆ ಅದೇ ನಿಷ್ಠೆ.