ಕೆಳಗಿನ ಪಟ್ಟಿಕೆ ತೋರಿಸಿ

ಹೆಸರಾಂತ ಆಟಗಾರರನ್ನು ವೀರರೆನ್ನಬಹುದೇ? ಹಾಸನ ಸೀಮೆಯ ವೀರಗಲ್ಲುಗಳನ್ನು ನೋಡಿದವರಿಗೆ ಇದು ಹೊಸ ಪ್ರಶ್ನೆಯಲ್ಲ. ಕಲ್ಲಿನ ಮೇಲ್ಗಡೆ ಲಿಂಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು. ಇವೆರಡೂ ಬಹುಪಾಲು ಕಲ್ಲುಗಳಲ್ಲಿ ಒಂದೇ ಬಗೆ. ಕೆಳಗಿನ ಪಟ್ಟಿಕೆ ಮಾತ್ರ ಬೇರೆ ಬೇರೆ. ಒಬ್ಬ ತುರು ಬಿಡಿಸಲು ಕಾದಿದ, ಇನ್ನೊಬ್ಬ ಹುಲಿಗೆ ಎದುರು ನಿಂತ. ಈಗಿನ ಫ್ಲೆಕ್ಸುಗಳಲ್ಲಿ, ಜಾಹೀರಾತುಗಳಲ್ಲಿ ಬರೀ ಮೇಲಿನ ಎರಡು ಪಟ್ಟಿಕೆಗಳೇ ತುಂಬಿವೆ. ನನ್ನ ತಕರಾರು ಅಷ್ಟೇ.

ಜಾವಗಲ್ ನಮ್ಮ ಜಿಲ್ಲೆಯ ಊರು. ಆ ಹೆಸರು ಹೊತ್ತ ಶ್ರೀನಾಥ್ ಟೆಸ್ಟ್‌ನಲ್ಲಿ 236, ಏಕದಿನ ಪಂದ್ಯಗಳಲ್ಲಿ 315 ವಿಕೆಟ್ ಕಿತ್ತರು. ನಾನು ಕೆತ್ತಿಸುವುದಾದರೆ ಅವರು ವಿಕೆಟ್ ಬೇಡವೆಂದ ಓವರನ್ನು ಕೆತ್ತಿಸುತ್ತೇನೆ. 1999ರ ಫೆಬ್ರುವರಿ 7, ದೆಹಲಿಯ ಕೋಟ್ಲಾ. ಪಾಕಿಸ್ತಾನದ ಒಂಬತ್ತು ವಿಕೆಟ್‌ಗಳೂ ಕುಂಬ್ಳೆಯ ಪಾಲಾಗಿದ್ದವು. ಹತ್ತನೆಯದು ತನ್ನ ಕೈಗೆ ಬರಬಾರದೆಂದು ಶ್ರೀನಾಥ್ ಚೆಂಡನ್ನು ಬೇಕೆಂದೇ ಆಫ್ ಸ್ಟಂಪಿನಿಂದ ಬಲು ದೂರ ಹಾಕಿದರು, ವೈಡ್ ಆದರೂ ಸರಿಯೆಂದು. ಕುಂಬ್ಳೆಯ ಮುಂದಿನ ಓವರಿನಲ್ಲಿ ಅಕ್ರಂ ಕೊಟ್ಟ ಕ್ಯಾಚನ್ನು ಲಕ್ಷ್ಮಣ್ ಹಿಡಿದರು. ವಿಕೆಟ್ಟಿಗಾಗಿಯೇ ಮೈ ಸವೆಸುವ ವೇಗದ ಬೌಲರ್ ಅದನ್ನು ಬಿಟ್ಟುಕೊಡುವುದು ಸಣ್ಣ ಮಾತಲ್ಲ.

ಆದರೆ ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಇದೇ ಜಿಲ್ಲೆಯ ‘ಕೊಡಗಿನ ಹೊಸನಗರ’ ಎಂಬ ಊರಿನ ಎಚ್.ಎನ್. ಗಿರೀಶ್ ಬಳಿ. 2012ರ ಲಂಡನ್ ಪ್ಯಾರಾಲಿಂಪಿಕ್ಸ್, ಎತ್ತರ ಜಿಗಿತ. ಎಡಗಾಲು ಊನ. ಬೆನ್ನು ಬಾಗಿಸಿ ಹಾರುವ ಫಾಸ್ಬರಿ ಶೈಲಿಯಲ್ಲ, ಹಳ್ಳಿ ಶಾಲೆಯ ಮಕ್ಕಳು ಹಾರುವ ಕತ್ತರಿ ಶೈಲಿ ಅವರದು. ಇದರಲ್ಲಿ ಮೈ ನೆಟ್ಟಗಿರುತ್ತದೆ, ಕಾಲುಗಳು ಒಂದರ ಹಿಂದೊಂದು ಅಡ್ಡಪಟ್ಟಿ ದಾಟಬೇಕು. ಹಾಗಾಗಿ ಅದೇ ಎತ್ತರಕ್ಕೆ ದೇಹವನ್ನು ಇನ್ನಷ್ಟು ಮೇಲೆತ್ತಬೇಕಾಗುತ್ತದೆ. ಗಿರೀಶ್ 1.74 ಮೀಟರ್ ದಾಟಿದರು. ಫಿಜಿಯ ಇಲಿಯೆಸಾ ದೆಲಾನಾ ದಾಟಿದ್ದೂ ಅಷ್ಟನ್ನೇ. ತಪ್ಪಿದ ಯತ್ನಗಳ ಲೆಕ್ಕದಲ್ಲಿ ಚಿನ್ನ ಅವರದಾಯಿತು, ಬೆಳ್ಳಿ ನಮ್ಮವರದು. ಆ ಕೂಟದಲ್ಲಿ ಇಡೀ ಭಾರತಕ್ಕೆ ದಕ್ಕಿದ್ದು ಅದೊಂದೇ ಪದಕ. 2024ರಲ್ಲಿ ಪ್ಯಾರಿಸ್‌ನಿಂದ 29 ಬಂದವು.

ಇವರನ್ನು ವೀರರೆನ್ನಲು ನನಗೆ ಅಳುಕಿಲ್ಲ. ಹಾಗೆಂದು ಎಲ್ಲ ವಿಷಯಕ್ಕೂ ಅವರ ಅಭಿಪ್ರಾಯ ಕೇಳಬೇಕಿಲ್ಲ, ಬದುಕಿಡೀ ತಪ್ಪೇ ಮಾಡಬಾರದೆಂದು ಕಾವಲು ಕೂರಬೇಕಾಗಿಯೂ ಇಲ್ಲ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಶಾಲಾ ಕ್ರೀಡಾಕೂಟಗಳಲ್ಲಿ ಎತ್ತರ ಜಿಗಿತದ ಕಂಬ ನೆಟ್ಟಾಗ, 1.74ರ ಮೇಲೆ ಸುಣ್ಣದ ಗೆರೆಯೊಂದನ್ನು ಎಳೆದು ಮಕ್ಕಳನ್ನು ಅದರ ಪಕ್ಕ ನಿಲ್ಲಿಸಲಿ.