ತಕ್ಕಡಿಗೆ ಅವಸರ, ಕಟ್ಟೆಗೆ ಅವಕಾಶ

‘ಕಬ್ಜಾ’ ಉರ್ದು ಕನ್ನಡಕ್ಕೆ ಕೊಟ್ಟ ಮಾತು. ಹಾವೇರಿ, ರಾಣೆಬೆನ್ನೂರು ನಗರಸಭೆಗಳಿಗಾಗಲಿ ಬ್ಯಾಡಗಿ ಪುರಸಭೆಗಾಗಲಿ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಬ್ಯಾಡಗಿ ಮುಖ್ಯರಸ್ತೆಯ ಅಗಲೀಕರಣ ಹೋರಾಟ, ಕೋರ್ಟು ಎಂದು ವರ್ಷಗಟ್ಟಲೆ ಎಳೆಯಿತು. ಸ್ವಂತ ಜಾಗ ಬಿಡುವವರು ಪರಿಹಾರ ಕೇಳುವುದು ನ್ಯಾಯವೇ. ಆದರೆ ಚರಂಡಿ ಮೇಲೆ ಕಟ್ಟೆ ಚಾಚಿದವರಿಗೂ ಅದೇ ತಾಳ್ಮೆ ಯಾಕೆ? ತಳ್ಳುಗಾಡಿಯವನ ತಕ್ಕಡಿ ಮಾತ್ರ ಮಧ್ಯಾಹ್ನದೊಳಗೆ ಟ್ರ್ಯಾಕ್ಟರ್ ಏರುತ್ತದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ, ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡುವವರೆಗೆ ಅವನನ್ನು ಎಬ್ಬಿಸುವಂತಿಲ್ಲ. ಆಮೇಲೂ 30 ದಿನಗಳ ನೋಟಿಸು ಬೇಕು. ಇತ್ತ 2011ರ ಜಗಪಾಲ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹಳ್ಳಿಗಳ ಸಾರ್ವಜನಿಕ ಜಮೀನಿನ ಬಗ್ಗೆ ಹೇಳಿದ್ದಿಷ್ಟು: ಎಷ್ಟೇ ವರ್ಷ ಕೂತಿರಲಿ, ಎಷ್ಟೇ ಖರ್ಚು ಮಾಡಿ ಕಟ್ಟಿರಲಿ, ಅದು ಸಕ್ರಮಕ್ಕೆ ಕಾರಣವಲ್ಲ, ವಿನಾಯಿತಿ ಏನಿದ್ದರೂ ಭೂಹೀನ ಕೂಲಿಕಾರರಂಥವರಿಗೆ. ನಮ್ಮ ಪೇಟೆಗಳಲ್ಲಿ ಇದು ತಲೆಕೆಳಗಾಗಿದೆ. ಮುಂದಿನ ಸಾಮಾನ್ಯ ಸಭೆಯಲ್ಲಿ ಸದಸ್ಯರು ಕೇಳಲಿ: ಗಾಡಿಗಳ ಸಮೀಕ್ಷೆ ಎಲ್ಲಿ, ಕಟ್ಟೆಗಳ ಅಳತೆ ಎಲ್ಲಿ?